ಸೋಸುವ ವಿದ್ಯೆಯ ಗುರು ಥಾಮಸ್ ಗ್ರಹಾಮ್

ಲೋಕದಲ್ಲಿ ಕೆಲವರ ಹೆಸರು ಅವರ ಕೆಲಸಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ. ಮತ್ತೆ ಕೆಲವರ ಕೆಲಸ ಅವರ ಹೆಸರನ್ನು ಹಿಂದೆ ಬಿಟ್ಟು ತಾನೊಂದೇ ಮುಂದೆ ನಡೆದುಬಿಡುತ್ತದೆ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಮನು ಈ ಎರಡನೆಯ ಬಗೆಗೆ ಸೇರಿದವನು. ವಿಜ್ಞಾನದ ವಿದ್ಯಾರ್ಥಿಗಳು ಅವನ ಹೆಸರಿನ ನಿಯಮವೊಂದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆಯುತ್ತಾರೆ. ನನ್ನಂಥ ಕಲಾವಿಭಾಗದವನಿಗೆ ಅಷ್ಟು ಪರಿಚಯವೂ ಇರಲಿಲ್ಲ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ಒದಗಿದ ಒಂದು ಕಷ್ಟ ನನ್ನನ್ನು ಅವನ ಬಾಗಿಲಿಗೆ ಕರೆದೊಯ್ಯಿತು. ಹೀಗಾಗಿ ಈ ಮಹನೀಯನ ಚರಿತ್ರೆಯನ್ನು ನಾನು ಆಸ್ಪತ್ರೆಯ ಕಡೆಯಿಂದಲೇ ಪ್ರಾರಂಭಿಸಬೇಕಾಗಿದೆ, ಓದುಗರು ಕ್ಷಮಿಸಬೇಕು.

ಯಲಬುರ್ಗಾ ತಾಲ್ಲೂಕಿನ ಎರೆಸೀಮೆಯಲ್ಲಿ ಒಕ್ಕಲುತನ ಮಾಡಿಕೊಂಡಿರುವ ನನ್ನ ಸೋದರಮಾವನಿಗೆ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತ ಬಂದವು. ಮೊದಲು ಕಾಲು ಬಾತುಕೊಂಡಿತು, ಆಮೇಲೆ ಊಟ ಸೇರದಾಯಿತು, ಕಡೆಗೆ ಮಲಗಿದರೆ ಉಸಿರು ಕಟ್ಟತೊಡಗಿತು. ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಸೋಸುವ ಡಯಾಲಿಸಿಸ್ ಚಿಕಿತ್ಸೆಗಾಗಿ ವಾರಕ್ಕೆ ಮೂರು ಸಲ ಮುಂಜಾನೆಯ ಮೊದಲ ಬಸ್ಸಿಗೆ ಕೊಪ್ಪಳಕ್ಕೆ ಬರುವುದು, ನಾಲ್ಕು ತಾಸು ಯಂತ್ರದ ಪಕ್ಕದಲ್ಲಿ ಮಲಗುವುದು, ಸಂಜೆ ನಿತ್ರಾಣರಾಗಿ ಊರಿಗೆ ಮರಳುವುದು, ಇದೇ ಅವರ ಬಾಳಾಯಿತು. ಗಂಗಾವತಿಯ ಭತ್ತದ ಗದ್ದೆಯವರು, ಕುಷ್ಟಗಿಯ ಮಳೆಯಾಶ್ರಿತ ಹೊಲದವರು ಅಲ್ಲಿ ಒಂದೇ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದರು. ಬಿತ್ತುವ ಕಾಲಕ್ಕೆ ಮಾವ ಹೊಲದಲ್ಲಿ ಇಲ್ಲ, ರಾಶಿಯ ಕಾಲಕ್ಕೆ ಕಣದಲ್ಲಿ ಇಲ್ಲ. ಚಿಕಿತ್ಸೆ ಪುಕ್ಕಟೆಯಾದರೂ ದಾರಿಯ ಖರ್ಚು, ಹೋದ ದಿನಗಳು ಮರಳಿ ಬರುವಂತಿರಲಿಲ್ಲ.

ಆಗ ಒಬ್ಬ ವೈದ್ಯರು ಇನ್ನೊಂದು ದಾರಿಯನ್ನು ತೋರಿಸಿದರು. ಹೊಟ್ಟೆಯೊಳಗೆ ಸಣ್ಣದೊಂದು ಮೆದುವಾದ ನಳಿಕೆಯನ್ನು ಇಡಿಸಿಕೊಂಡರೆ, ಮನೆಯಲ್ಲಿಯೇ ದಿನಕ್ಕೆ ನಾಲ್ಕು ಸಲ ಔಷಧದ ನೀರನ್ನು ತುಂಬಿ, ಕೆಲವು ತಾಸು ಬಿಟ್ಟು ಹೊರಗೆ ಹರಿಸಬಹುದು. ರಕ್ತದ ಕಲ್ಮಷ ಆ ನೀರಿನೊಡನೆ ಹೊರಟುಹೋಗುತ್ತದೆ. ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ಇದನ್ನು ಕೇಳಿ ನಮ್ಮವ್ವ ಹೌಹಾರಿದಳು. ಹೊಟ್ಟೆಗೆ ತೂತು ಮಾಡಿಸಿಕೊಂಡು ಬದುಕುವುದೆಂದರೇನು ಎಂದು ಅತ್ತೆ ಕಣ್ಣೀರಿಟ್ಟಳು. ಮಾವ ಮಾತ್ರ ನನ್ನ ಕಡೆಗೆ ತಿರುಗಿ, ಹೊಟ್ಟೆಗೆ ಹೊಯ್ದ ನೀರು ರಕ್ತದೊಳಗಿನ ಹೊಲಸನ್ನು ಹೇಗೆ ಎಳೆದುಕೊಳ್ಳುತ್ತದೆಂದು ಕೇಳಿದರು. ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ನನಗೆ ಉತ್ತರ ಗೊತ್ತಿರಲಿಲ್ಲ. ಆ ನಾಚಿಕೆಯಿಂದ ಗ್ರಂಥಾಲಯಕ್ಕೆ ಹೋದವನಿಗೆ ಡಯಾಲಿಸಿಸ್ ಎಂಬ ಮಾತಿನ ಬೇರಿನಲ್ಲಿ ಥಾಮಸ್ ಗ್ರಹಾಮ್ ಸಿಕ್ಕಿದನು.

ಗ್ರಹಾಮನು 1805ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿದನು. ಗ್ಲಾಸ್ಗೋ ಆ ಕಾಲಕ್ಕೆ ನೂಲು ಬಟ್ಟೆಗಳ ಊರು. ಹಬೆಯಂತ್ರಗಳು ಬಂದು ಕೈಮಗ್ಗದವರ ಅನ್ನಕ್ಕೆ ಕುತ್ತು ತಂದಿದ್ದ ದಿನಗಳವು; ನಮ್ಮ ಭಾಗ್ಯನಗರದ ನೇಕಾರರ ಮನೆಗಳನ್ನು ಕಂಡವರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರಹಾಮನ ತಂದೆ ಜೇಮ್ಸ್ ಗ್ರಹಾಮನು ಬಟ್ಟೆಯ ಉದ್ದಿಮೆಯಲ್ಲಿ ಅನುಕೂಲವಾಗಿದ್ದ ಗೃಹಸ್ಥ. ಹಿರಿಯ ಮಗನು ಸ್ಕಾಟ್ಲೆಂಡಿನ ಚರ್ಚಿನಲ್ಲಿ ಧರ್ಮಬೋಧಕನಾಗಬೇಕೆಂಬುದು ಆತನ ದೃಢವಾದ ಆಸೆ. ಅಂದಿನ ಸ್ಕಾಟ್ಲೆಂಡಿನಲ್ಲಿ ಅದಕ್ಕಿಂತ ಗೌರವದ ಸ್ಥಾನ ಮತ್ತೊಂದಿರಲಿಲ್ಲ. ತಂದೆಯ ಆಸೆಯಲ್ಲಿ ಕೇಡೇನೂ ಇರಲಿಲ್ಲವೆಂಬುದನ್ನು ನಾವು ಒಪ್ಪಬೇಕು. ಮಗನ ಒಲವು ಬೇರೆ ಕಡೆಗೆ ಹರಿದದ್ದೇ ಇಬ್ಬರ ದುಃಖಕ್ಕೂ ಕಾರಣವಾಯಿತು.

1819ರಲ್ಲಿ, ಇನ್ನೂ ಹದಿನಾಲ್ಕು ತುಂಬದ ಹುಡುಗನು ಗ್ಲಾಸ್ಗೋ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಥಾಮಸ್ ಥಾಮ್ಸನ್ನನ ಪಾಠಗಳು ಅವನ ಮನಸ್ಸನ್ನು ಸೆರೆಹಿಡಿದವು. ವಸ್ತುಗಳು ಅತಿ ಸೂಕ್ಷ್ಮವಾದ ಕಣಗಳಿಂದಾಗಿವೆಯೆಂಬ ಡಾಲ್ಟನ್ನನ ವಾದವು ಆಗ ಹೊಸದು. ಥಾಮ್ಸನ್ನನು ಅದರ ದೊಡ್ಡ ಪ್ರಚಾರಕ. ಕಣ್ಣಿಗೆ ಕಾಣದ ಆ ಕಣಗಳು ಸುಮ್ಮನಿರುತ್ತವೆಯೋ, ಚಲಿಸುತ್ತವೆಯೋ? ಚಲಿಸುವುದಾದರೆ ಎಷ್ಟು ವೇಗದಿಂದ? ಈ ಪ್ರಶ್ನೆಗಳು ಹುಡುಗನ ತಲೆಯನ್ನು ಹೊಕ್ಕವು. ಮುಂದಿನ ಐವತ್ತು ವರ್ಷ ಅವನು ಕೈಕೊಂಡ ಸಂಶೋಧನೆಗಳೆಲ್ಲ ಹೆಚ್ಚುಕಡಿಮೆ ಈ ಪ್ರಶ್ನೆಗಳ ಸುತ್ತಲೇ ತಿರುಗಿದವೆನ್ನಬಹುದು.

ಪದವಿ ಮುಗಿದ ಮೇಲೆ ಮಗನು ಧರ್ಮಶಾಸ್ತ್ರವನ್ನು ಓದಲು ಒಪ್ಪಲಿಲ್ಲ. ತಂದೆ ಕೋಪಗೊಂಡು ಹಣವನ್ನು ನಿಲ್ಲಿಸಿದನು. ಗ್ರಹಾಮನು ಎಡಿನ್‌ಬರೋ ನಗರಕ್ಕೆ ಹೋಗಿ, ಅಲ್ಲಿ ಹೋಪ್ ಎಂಬ ಪ್ರಾಧ್ಯಾಪಕನ ಬಳಿ ಅಭ್ಯಾಸವನ್ನು ಮುಂದುವರಿಸಿದನು. ಪಾಠ ಹೇಳಿ, ಲೇಖನ ಬರೆದು ಹೊಟ್ಟೆ ಹೊರೆದನು. ತಾಯಿ ಮತ್ತು ತಂಗಿಯರ ಮಮತೆಯೇ ಆ ದಿನಗಳಲ್ಲಿ ಅವನಿಗೆ ಆಸರೆ. ತಾಯಿಗೆ ಅವನು ಬರೆಯುತ್ತಿದ್ದ ಪತ್ರಗಳು ಉಳಿದುಬಂದಿವೆ. ಬರವಣಿಗೆಯಿಂದ ಮೊಟ್ಟಮೊದಲು ಕೈಗೆ ಬಂದ ಹಣವನ್ನೆಲ್ಲ ಅವನು ತಾಯಿಗೂ ತಂಗಿಗೂ ಉಡುಗೊರೆ ಕೊಳ್ಳುವುದರಲ್ಲಿ ವ್ಯಯಮಾಡಿದನೆಂದು ಚರಿತ್ರಕಾರರು ಹೇಳುತ್ತಾರೆ. ತಂದೆಯ ಮಾತನ್ನು ಮೀರಿದವನನ್ನು ನಾವು ಸಾಮಾನ್ಯವಾಗಿ ಒರಟನೆಂದು ತಿಳಿಯುತ್ತೇವೆ. ಗ್ರಹಾಮನು ಒರಟನಲ್ಲ, ಮೃದುವಾಗಿದ್ದುಕೊಂಡೇ ಹಟ ಬಿಡದವನು.

1829ರಲ್ಲಿ ಗ್ಲಾಸ್ಗೋವಿನ ಕಸಬುದಾರರ ವಿದ್ಯಾಸಂಸ್ಥೆಯೊಂದರಲ್ಲಿ ಅವನಿಗೆ ಪಾಠ ಹೇಳುವ ಕೆಲಸ ದೊರೆಯಿತು. ಮರುವರ್ಷವೇ ಆಂಡರ್ಸನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ಇದು ದೊಡ್ಡ ಮನೆತನದ ಮಕ್ಕಳ ವಿದ್ಯಾಲಯವಲ್ಲ. ದುಡಿಯುವ ಜನರಿಗೂ ಉಪಯುಕ್ತ ವಿದ್ಯೆ ಸಿಗಬೇಕೆಂದು ಜಾನ್ ಆಂಡರ್ಸನ್ ಎಂಬ ಪ್ರಾಧ್ಯಾಪಕನು ಬರೆದಿಟ್ಟ ಮರಣಪತ್ರದಂತೆ 1796ರಲ್ಲಿ ಹುಟ್ಟಿದ್ದು. ಹಗಲೆಲ್ಲ ದುಡಿದು ಬಂದವರು ಅಲ್ಲಿ ಸಂಜೆಯ ವರ್ಗಗಳಲ್ಲಿ ಕುಳಿತು ಕಲಿಯುತ್ತಿದ್ದರು. ತಂದೆಯ ಜೊತೆ ಮರಗೆಲಸ ಮಾಡುತ್ತಿದ್ದ ಜೇಮ್ಸ್ ಯಂಗ್ ಎಂಬ ತರುಣನು ಹೀಗೆ ಬಂದು ಗ್ರಹಾಮನ ಶಿಷ್ಯನೂ ಸಹಾಯಕನೂ ಆದನು. ಮುಂದೆ ಕಲ್ಲಿದ್ದಲಿನಿಂದ ಪ್ಯಾರಾಫಿನ್ ಎಣ್ಣೆಯನ್ನು ತೆಗೆದು ಕೋಟ್ಯಧೀಶನಾದನು. ಹತ್ತಿಯ ಗಿರಣಿಯಲ್ಲಿ ದುಡಿದು ಬೆಳೆದ ಡೇವಿಡ್ ಲಿವಿಂಗ್‌ಸ್ಟನ್ನನೂ ಆಫ್ರಿಕಕ್ಕೆ ಹೋಗುವ ಮೊದಲು ಇಲ್ಲಿ ಗ್ರಹಾಮನ ಪಾಠಗಳನ್ನು ಕೇಳಿದವನೇ. ಗ್ರಹಾಮನು ಒಳ್ಳೆಯ ಮಾತುಗಾರನೇನೂ ಅಲ್ಲ. ಸಂಕೋಚದ ಸ್ವಭಾವ, ತಡೆದು ತಡೆದು ಆಡುವ ಮಾತು. ಆದರೂ ಅವನ ಪ್ರಾಮಾಣಿಕತೆ ಶಿಷ್ಯರನ್ನು ಕಟ್ಟಿಹಾಕಿತು.

ಈ ಆಂಡರ್ಸನ್ ವಿದ್ಯಾಲಯದಲ್ಲಿಯೇ ಅವನ ಹೆಸರಿನ ನಿಯಮ ಹುಟ್ಟಿತು. ಬಿರುಕು ಬಿಟ್ಟ ಗಾಜಿನ ಪಾತ್ರೆಯೊಳಗೆ ಹಿಡಿದಿಟ್ಟ ಜಲಜನಕವು ತಾನಾಗಿಯೇ ಹೊರಗೆ ಹೋಗಿಬಿಡುವುದನ್ನು ಜರ್ಮನಿಯ ಡೋಬರೈನರ್ ಎಂಬ ವಿಜ್ಞಾನಿ 1823ರಲ್ಲಿ ಕಂಡಿದ್ದನು. ಅದನ್ನೇ ಹಿಡಿದು ಗ್ರಹಾಮನು ಗಾಜಿನ ಕೊಳವೆಯ ಒಂದು ಬಾಯಿಯನ್ನು ಸುಣ್ಣದ ಗಾರೆಯಂಥ ಪ್ಲಾಸ್ಟರಿನಿಂದ ಮುಚ್ಚಿ, ಅದರ ಸೂಕ್ಷ್ಮ ರಂಧ್ರಗಳಲ್ಲಿ ಬೇರೆ ಬೇರೆ ಅನಿಲಗಳು ಎಷ್ಟು ಬೇಗ ನುಸುಳುತ್ತವೆಂದು ಅಳೆದನು. ಹಗುರವಾದ ಅನಿಲ ಬೇಗ, ಭಾರವಾದದ್ದು ನಿಧಾನ. ಅಷ್ಟೇ ಅಲ್ಲ, ವೇಗವು ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆಂದು ಲೆಕ್ಕ ಕಟ್ಟಿಕೊಟ್ಟನು. ಆಮ್ಲಜನಕವು ಜಲಜನಕಕ್ಕಿಂತ 16 ಪಟ್ಟು ಸಾಂದ್ರವಾಗಿದೆ; 16ರ ವರ್ಗಮೂಲ 4; ಆದ್ದರಿಂದ ಜಲಜನಕವು ಅದಕ್ಕಿಂತ 4 ಪಟ್ಟು ಬೇಗ ನುಸುಳುತ್ತದೆ. ನಮ್ಮ ಗೆಳೆಯರು ಬಾಯಿಪಾಠ ಮಾಡುವ ನಿಯಮ ಇಷ್ಟೇ. ಆದರೆ ಇದರೊಳಗೆ ಒಂದು ದೊಡ್ಡ ಮಾತು ಅಡಗಿತ್ತು. ನಡುವೆ ತಕ್ಕ ತಡಿಕೆಯೊಂದನ್ನು ಇಟ್ಟರೆ, ಬೆರೆತ ವಸ್ತುಗಳು ಯಾರ ಬಲವಂತವೂ ಇಲ್ಲದೆ ತಮ್ಮ ತಮ್ಮ ನಡಿಗೆಗೆ ಅನುಸಾರವಾಗಿ ತಾವೇ ಬೇರೆಯಾಗುತ್ತವೆ.

1837ರಲ್ಲಿ ಗ್ರಹಾಮನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿ ಹೋದನು. ರಾಯಲ್ ಸೊಸೈಟಿಯು ಹಿಂದಿನ ವರ್ಷವೇ ಅವನನ್ನು ಸದಸ್ಯನನ್ನಾಗಿ ಆರಿಸಿತ್ತು. ರಂಜಕಾಮ್ಲಗಳನ್ನು ಕುರಿತ ಅವನ ಶೋಧನೆ, ಅವನು ಬರೆದ ರಸಾಯನಶಾಸ್ತ್ರದ ಪಠ್ಯಪುಸ್ತಕ ಇವು ಯೂರೋಪಿನಲ್ಲೆಲ್ಲ ಹೆಸರು ತಂದವು. 1841ರಲ್ಲಿ ಲಂಡನ್ನಿನ ರಸಾಯನಶಾಸ್ತ್ರ ಸಂಘವು ಸ್ಥಾಪಿತವಾದಾಗ ಅದರ ಮೊದಲ ಅಧ್ಯಕ್ಷನಾಗಿ ಗ್ರಹಾಮನೇ ಆರಿಸಲ್ಪಟ್ಟನು. ಕಾಲ ಕಳೆದಂತೆ ತಂದೆಯ ಕೋಪವೂ ಇಳಿದು ಮನೆಯ ಬಾಗಿಲು ತೆರೆದಿತ್ತು. ಗ್ರಹಾಮನು ಮದುವೆಯಾಗಲಿಲ್ಲ. ಪ್ರಯೋಗಶಾಲೆಯೇ ಅವನ ಸಂಸಾರವಾಯಿತು.

1855ರಲ್ಲಿ ಸರಕಾರವು ಅವನನ್ನು ಟಂಕಸಾಲೆಯ ಮುಖ್ಯಾಧಿಕಾರಿಯನ್ನಾಗಿ ನೇಮಿಸಿತು. ಒಂದು ಕಾಲಕ್ಕೆ ನ್ಯೂಟನ್ನನು ಕುಳಿತಿದ್ದ ಪೀಠವದು. ಇದು ದುಡಿಮೆಯಿಲ್ಲದ ಗೌರವದ ಹುದ್ದೆಯೆಂದು ಅವನು ತಿಳಿಯಲಿಲ್ಲ. ಹಳೆಯ ಪದ್ಧತಿಗಳನ್ನು ತಿದ್ದಲು ಹೊರಟು ಅನೇಕರ ಅಸಮಾಧಾನಕ್ಕೂ ಗುರಿಯಾದನು. ಬ್ರಿಟನ್ನಿನ ತಾಮ್ರದ ಬಿಡಿಕಾಸುಗಳ ಬದಲಿಗೆ ಕಂಚಿನ ನಾಣ್ಯಗಳು 1860ರಲ್ಲಿ ಬಂದದ್ದು ಅವನ ಆಡಳಿತದಲ್ಲಿಯೇ. ಆಡಳಿತದ ಕೆಲಸ ವಿದ್ವಾಂಸನನ್ನು ತಿಂದುಹಾಕುತ್ತದೆಂಬ ಮಾತುಂಟು. ಕೆಲವು ವರ್ಷ ಗ್ರಹಾಮನ ವಿಷಯದಲ್ಲಿಯೂ ಹಾಗೆಯೇ ಆಯಿತೆಂದು ಕಾಣುತ್ತದೆ. ಆದರೆ ಐವತ್ತೈದು ದಾಟಿದ ಮೇಲೆ ಅವನು ತನ್ನ ಹಳೆಯ ಪ್ರಶ್ನೆಗೆ ಮರಳಿದನು. ಅವನ ಬಾಳಿನ ಅತ್ಯಂತ ಫಲವತ್ತಾದ ಕೆಲಸ ಆಗಲೇ ನಡೆಯಿತು.

ಅನಿಲಗಳ ನಡಿಗೆಯನ್ನು ಅಳೆದವನು ದ್ರವಗಳಲ್ಲಿ ಕರಗಿದ ವಸ್ತುಗಳ ನಡಿಗೆಯನ್ನು ಅಳೆಯದೆ ಬಿಟ್ಟಾನೆಯೇ? ನೀರಿನಲ್ಲಿ ಕರಗಿದ ಉಪ್ಪು, ಸಕ್ಕರೆಗಳು ಬೇಗ ಬೇಗ ಹರಡುತ್ತವೆ. ಅಂಟು, ಗಂಜಿ, ಮೊಟ್ಟೆಯ ಬಿಳಿಯ ಲೋಳೆ ಇವು ಬಹಳ ನಿಧಾನವಾಗಿ ಹರಡುತ್ತವೆ. ಹರಳುಗಟ್ಟುವ ಮೊದಲನೆಯ ಗುಂಪಿಗೂ ಹರಳುಗಟ್ಟದ ಎರಡನೆಯ ಗುಂಪಿಗೂ ಗ್ರಹಾಮನು ಬೇರೆ ಬೇರೆ ಹೆಸರಿಟ್ಟನು. ಎರಡನೆಯದಕ್ಕೆ ಅವನು ಕೊಟ್ಟ ಹೆಸರು ಗ್ರೀಕ್ ಭಾಷೆಯ ಅಂಟು ಎಂಬ ಮಾತಿನಿಂದ ಬಂದದ್ದು. ನಮ್ಮ ಪುಸ್ತಕಗಳಲ್ಲಿ ಅದನ್ನು ಕಲಿಲವೆನ್ನುತ್ತಾರೆ. ಇವೆರಡೂ ಬೆರೆತಿದ್ದರೆ ಬಿಡಿಸುವುದು ಹೇಗೆ? ಗಂಧಕಾಮ್ಲದಲ್ಲಿ ಅದ್ದಿ ಗಟ್ಟಿಮಾಡಿದ ಒಂದು ಬಗೆಯ ಕಾಗದವನ್ನು ಅವನು ಬಳೆಯೊಂದಕ್ಕೆ ದಮ್ಮಡಿಯ ತೊಗಲಿನ ಹಾಗೆ ಬಿಗಿದನು. ಅದನ್ನು ಅಗಲವಾದ ಪಾತ್ರೆಯ ನೀರಿನ ಮೇಲೆ ತೇಲಬಿಟ್ಟು, ಒಳಗೆ ಬೆರಕೆಯ ದ್ರವವನ್ನು ತೆಳುವಾಗಿ ಹೊಯ್ದನು. ಒಂದು ಹಗಲು ಒಂದು ರಾತ್ರಿ ಕಳೆಯುವುದರೊಳಗೆ ಉಪ್ಪು ಸಕ್ಕರೆಗಳ ಬಹುಭಾಗ ಕಾಗದವನ್ನು ದಾಟಿ ಕೆಳಗಿನ ನೀರಿಗೆ ಇಳಿದಿತ್ತು. ಅಂಟು ಮೇಲೆಯೇ ಉಳಿದಿತ್ತು. ಈ ಕ್ರಿಯೆಗೆ ಅವನು ಡಯಾಲಿಸಿಸ್ ಎಂದು ಹೆಸರಿಟ್ಟನು. ಬಿಡಿಸಿ ಬೇರ್ಪಡಿಸುವುದು ಎಂದು ಅದರ ತಾತ್ಪರ್ಯ. 1861ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಲೇಖನ ಪ್ರಕಟವಾಯಿತು. ಮರುವರ್ಷ ಆ ಸೊಸೈಟಿಯ ಅತ್ಯುನ್ನತ ಗೌರವವಾದ ಕಾಪ್ಲಿ ಪದಕ ಅವನಿಗೆ ಸಂದಿತು.

ಅದೇ ಲೇಖನದಲ್ಲಿರುವ ಒಂದು ಸಣ್ಣ ಪ್ರಯೋಗದ ವರ್ಣನೆಯನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ. ಗ್ರಹಾಮನು ಅರ್ಧ ಲೀಟರಿನಷ್ಟು ಮೂತ್ರವನ್ನು ತನ್ನ ಕಾಗದದ ದಮ್ಮಡಿಯಲ್ಲಿ ಹೊಯ್ದು ಇಪ್ಪತ್ನಾಲ್ಕು ತಾಸು ಬಿಟ್ಟನು. ಕೆಳಗಿನ ನೀರನ್ನು ಆರಿಸಿ ನೋಡಿದರೆ ಬಿಳಿಯ ಉಪ್ಪಿನಂಥ ವಸ್ತು ಸಿಕ್ಕಿತು. ಅದರಿಂದ ಅವನು ಯೂರಿಯವನ್ನು ಶುದ್ಧವಾಗಿ ತೆಗೆದನು. ಮೂತ್ರಪಿಂಡ ಸೋತವರ ರಕ್ತದಲ್ಲಿ ದಿನೇ ದಿನೇ ಸೇರಿಕೊಳ್ಳುವ ಕಲ್ಮಷಗಳಲ್ಲಿ ಯೂರಿಯವೂ ಒಂದು. ಅದು ಪೊರೆಯನ್ನು ದಾಟುತ್ತದೆ, ರಕ್ತದ ಪ್ರೋಟೀನು ದಾಟುವುದಿಲ್ಲ: ಮಾವ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ ಆಗಿತ್ತು. ಗ್ರಹಾಮನು ವೈದ್ಯನಲ್ಲ, ಒಬ್ಬ ರೋಗಿಯನ್ನೂ ಅವನು ಮುಟ್ಟಲಿಲ್ಲ. ಪೊರೆಗಳ ಮೂಲಕ ನೀರು ಎಳೆಯಲ್ಪಡುವ ಬಗೆಯನ್ನೂ ಅವನು 1854ರಲ್ಲಿಯೇ ಪರೀಕ್ಷಿಸಿದ್ದನು. ವಿಷವಿಕ್ಕಿದ ಸಂದೇಹವಿದ್ದಾಗ ಸತ್ತವನ ಜಠರದ ವಸ್ತುಗಳಿಂದ ಪಾಷಾಣವನ್ನು ಬೇರ್ಪಡಿಸಲು ತನ್ನ ಉಪಾಯ ನೆರವಾದೀತೆಂದು ಸೂಚಿಸಿದನು. ಸತ್ತವರ ಸಾಕ್ಷಿಗೆ ಹೊಂದಿಸಿಕೊಟ್ಟ ಉಪಾಯ ಬದುಕಿರುವವರ ಉಸಿರಿಗೆ ಬಂದದ್ದು ಅವನ ಕಾಲದ ನಂತರ.

ಓದಿದ್ದನ್ನು ಮಾವನಿಗೆ ಹೇಳಬೇಕೆಂದು ಹೊರಟರೆ ಮಾತು ಸಾಲದಾಯಿತು. ಪರಿಚಯದ ರಸಾಯನಶಾಸ್ತ್ರದ ಉಪನ್ಯಾಸಕರೊಬ್ಬರು ತಮ್ಮ ಪ್ರಯೋಗಶಾಲೆಯಲ್ಲಿದ್ದ ಸೆಲೊಫೇನ್ ಕೊಳವೆಯ ತುಂಡೊಂದನ್ನು ಕೊಟ್ಟರು. ಅದರೊಳಗೆ ಗಂಜಿಯ ತಿಳಿಯನ್ನೂ ಉಪ್ಪನ್ನೂ ಕೂಡಿಸಿ ಹೊಯ್ದು, ಎರಡೂ ಬಾಯಿಗಳನ್ನು ದಾರದಿಂದ ಕಟ್ಟಿ, ಶುದ್ಧವಾದ ನೀರಿನ ಲೋಟದಲ್ಲಿ ಇಳಿಬಿಟ್ಟೆವು. ಕೆಲ ಹೊತ್ತಿನ ಮೇಲೆ ಹೊರಗಿನ ನೀರಿಗೆ ಅಯೋಡಿನ್ ಹನಿಸಿದರೆ ನೀಲಿ ಬಣ್ಣ ಬರಲಿಲ್ಲ, ಅಂದರೆ ಗಂಜಿ ದಾಟಿರಲಿಲ್ಲ. ಬೆಳ್ಳಿಯ ನೈಟ್ರೇಟನ್ನು ಹನಿಸಿದರೆ ಹಾಲಿನಂತೆ ಬೆಳ್ಳಗಾಯಿತು, ಅಂದರೆ ಉಪ್ಪು ದಾಟಿತ್ತು. ಮಾವ ಪಕ್ಕದಲ್ಲಿಯೇ ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ನೋಡಿದರು. ಜೋಳದ ಹಿಟ್ಟು ಹಿಡಿಯುವ ಸಾಣಿಗೆಯ ಉಪಮೆಯನ್ನು ಅವರೇ ತಂದರು. ಹೊಟ್ಟೆಯೊಳಗೆ ಇಂಥದೇ ಒಂದು ಪೊರೆಯನ್ನು ದೇವರು ಮೊದಲೇ ಹಾಸಿಟ್ಟಿದ್ದಾನೆ, ವೈದ್ಯರು ಮಾಡುವುದು ಅದರ ಈಚೆಗೆ ನೀರು ನಿಲ್ಲಿಸುವುದಷ್ಟೇ ಎಂಬುದು ಅವರಿಗೆ ಮನದಟ್ಟಾಯಿತು. ಅಂದು ರಾತ್ರಿ ಊರಿಗೆ ಹೋಗಿ ಅವ್ವನನ್ನೂ ಅತ್ತೆಯನ್ನೂ ಒಪ್ಪಿಸಿದವರು ಅವರೇ ಹೊರತು ನಾನಲ್ಲ.

ಗ್ರಹಾಮನ ಕೊನೆಯ ವರ್ಷಗಳು ಪೆಲೇಡಿಯಮ್ ಎಂಬ ಲೋಹವು ಜಲಜನಕವನ್ನು ಹೀರಿಕೊಳ್ಳುವ ವಿಚಿತ್ರವನ್ನು ಪರೀಕ್ಷಿಸುವುದರಲ್ಲಿ ಕಳೆದವು. ಕಾಗದದ ಪೊರೆಯಾದರೇನು, ಲೋಹದ ತಗಡಾದರೇನು, ನುಸುಳುವ ಕಣದ ಬೆನ್ನುಹತ್ತುವುದನ್ನು ಅವನು ಬಿಡಲಿಲ್ಲ. 1869ರ ಸೆಪ್ಟೆಂಬರಿನಲ್ಲಿ, ಅರವತ್ತಮೂರರ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡನು. ಅವನ ದೇಹವನ್ನು ಹುಟ್ಟಿದೂರಾದ ಗ್ಲಾಸ್ಗೋವಿಗೆ ಒಯ್ದು ಅಲ್ಲಿನ ಮಹಾದೇವಾಲಯದಲ್ಲಿ ಮಣ್ಣುಮಾಡಿದರು. ಟಂಕಸಾಲೆಯ ಆ ಹುದ್ದೆಯನ್ನೂ ಅವನ ನಂತರ ಹಾಗೆ ಬೇರೆಯಾಗಿ ತುಂಬಲಿಲ್ಲ. 1872ರಲ್ಲಿ ಗ್ಲಾಸ್ಗೋವಿನ ಜಾರ್ಜ್ ಚೌಕದಲ್ಲಿ ಅವನ ಪ್ರತಿಮೆ ನಿಂತಿತು. ಅದನ್ನು ಮಾಡಿಸಿಕೊಟ್ಟವನು ಮರಗೆಲಸದ ಹುಡುಗನಾಗಿ ಬಂದು ಶಿಷ್ಯನಾಗಿದ್ದ ಅದೇ ಜೇಮ್ಸ್ ಯಂಗ್. ಗುರುವಿನ ಲೇಖನಗಳನ್ನೆಲ್ಲ ಕೂಡಿಸಿ ಅಚ್ಚುಮಾಡಿಸಿದವನೂ ಅವನೇ. ಗುರುಋಣವನ್ನು ಹೀಗೂ ತೀರಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾಗಿಲ್ಲ.

ಗ್ರಹಾಮನ ಕಾಗದದ ದಮ್ಮಡಿ ರೋಗಿಯ ಹಾಸಿಗೆಯವರೆಗೆ ಬರಲು ಅನೇಕ ಕೈಗಳು ಬೇಕಾದವು. 1913ರಲ್ಲಿ ಅಮೆರಿಕದ ಜಾನ್ ಏಬೆಲ್ಲನು ಪ್ರಾಣಿಗಳ ರಕ್ತವನ್ನು ಪೊರೆಯ ಕೊಳವೆಗಳಲ್ಲಿ ಹಾಯಿಸಿ ಶೋಧಿಸಿದನು. 1924ರಲ್ಲಿ ಜರ್ಮನಿಯ ಗಿಯಾರ್ಗ್ ಹಾಸನು ಮನುಷ್ಯನ ಮೇಲೆ ಮೊದಲ ಪ್ರಯತ್ನ ಮಾಡಿದನು. 1943ರಲ್ಲಿ, ಶತ್ರುಸೈನ್ಯದ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ, ವಿಲೆಮ್ ಕಾಲ್ಫ್ ಎಂಬ ತರುಣ ವೈದ್ಯನು ಮಾಂಸದ ತಿಂಡಿಗೆ ಹೊದಿಸುವ ಸೆಲೊಫೇನನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ ಕೃತಕ ಮೂತ್ರಪಿಂಡವನ್ನು ಕಟ್ಟಿದನು. ರೋಗಿಗಳು ಒಬ್ಬರ ಹಿಂದೊಬ್ಬರು ತೀರಿಹೋದರೂ ಅವನು ಎದೆಗುಂದಲಿಲ್ಲ. 1945ರಲ್ಲಿ ಒಬ್ಬ ವೃದ್ಧೆ ಬದುಕುಳಿದಳು.

ಅದೇ ಯುದ್ಧದ ವರ್ಷಗಳಲ್ಲಿ, ಅದೇ ಗ್ರಹಾಮನ ಅನಿಲದ ನಿಯಮವನ್ನು ಹಿಡಿದು ಅಮೆರಿಕದಲ್ಲಿ ಬೃಹತ್ತಾದ ಕಾರ್ಖಾನೆಯೊಂದು ಎದ್ದಿತ್ತು. ಭಾರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದ ಎರಡು ಬಗೆಯ ಯುರೇನಿಯಮ್ಮನ್ನು ಸೂಕ್ಷ್ಮ ರಂಧ್ರಗಳ ತಡಿಕೆಗಳಲ್ಲಿ ನುಸುಳಿಸಿ ಬೇರ್ಪಡಿಸುವುದು ಅದರ ಕೆಲಸ, ಗುರಿ ಅಣುಬಾಂಬು. ಒಬ್ಬನೇ ಮನುಷ್ಯನ ಜ್ಞಾನ ಒಂದು ಕಡೆ ವೃದ್ಧೆಯ ಪ್ರಾಣವನ್ನು ಉಳಿಸಿತು, ಇನ್ನೊಂದು ಕಡೆ ಊರನ್ನೇ ಸುಡುವವರ ಕೈಗೆ ಸಿಕ್ಕಿತು. ಸೋಸುವ ವಿದ್ಯೆಗೆ ತಾನಾಗಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಯಾವುದನ್ನು ಸೋಸಿ ಯಾವುದನ್ನು ಇಟ್ಟುಕೊಳ್ಳಬೇಕೆಂಬ ವಿವೇಕವನ್ನು ಬಹುಶಃ ನಮ್ಮ ಕಲಾವಿಭಾಗದವರೂ ಕೂಡಿ ಕಲಿಸಬೇಕು.

ಹೊಟ್ಟೆಯ ಪೊರೆಯನ್ನೇ ಸಾಣಿಗೆಯನ್ನಾಗಿ ಮಾಡಿಕೊಳ್ಳುವ ದಾರಿ ಬೇರೊಂದು ಕವಲು. ಕರುಳುಗಳನ್ನೂ ಹೊಟ್ಟೆಯ ಒಳಗೋಡೆಯನ್ನೂ ಹೊದೆದಿರುವ ಆ ತೆಳುವಾದ ಪೊರೆಯನ್ನು ಬಿಡಿಸಿ ಹಾಸಿದರೆ ಅದು ಮೈಚರ್ಮದಷ್ಟೇ ಅಗಲವಾದೀತು. ಅದರ ತುಂಬ ಸೂಕ್ಷ್ಮವಾದ ರಕ್ತನಾಳಗಳು. 1923ರಲ್ಲಿ ಜರ್ಮನಿಯ ಗಿಯಾರ್ಗ್ ಗಾಂಟರನು ಇದನ್ನು ಮನುಷ್ಯನಲ್ಲಿ ಮೊದಲು ಪ್ರಯೋಗಿಸಿದನು. 1946ರಲ್ಲಿ ಬಾಸ್ಟನ್ನಿನ ಮೂವರು ವೈದ್ಯರು ಇದರಿಂದ ರೋಗಿಯೊಬ್ಬನನ್ನು ಉಳಿಸಿದ ಸುದ್ದಿಯನ್ನು ಪ್ರಕಟಿಸಿದರು. ಆದರೆ ದೊಡ್ಡ ತೊಡಕು ನಳಿಕೆಯದು. ಒಮ್ಮೆ ಇಟ್ಟದ್ದು ಬಹಳ ದಿನ ನಿಲ್ಲುತ್ತಿರಲಿಲ್ಲ. ಪಕ್ಕದ ಸಂದಿನಿಂದ ಸೋಂಕು ಒಳನುಗ್ಗುತ್ತಿತ್ತು. ಸಿಯಾಟಲ್ ನಗರದ ಹೆನ್ರಿ ಟೆಂಕಾಫ್ ಎಂಬ ವೈದ್ಯನು ರೋಗಿಯ ಮನೆಗೇ ಹೋಗಿ ಪ್ರತಿ ಸಲವೂ ಹೊಸದಾಗಿ ಚುಚ್ಚಿ ನಳಿಕೆಯಿಡುವ ಕಷ್ಟವನ್ನು ಅನುಭವಿಸಿದವನು. 1968ರಲ್ಲಿ ಅವನೂ ಅವನ ಜೊತೆಗಾರನಾದ ಶೆಕ್ಟರನೂ ಸಿಲಿಕೋನ್ ರಬ್ಬರಿನ ನಳಿಕೆಗೆ ಡೇಕ್ರಾನ್ ನೂಲಿನ ಎರಡು ಪಟ್ಟಿಗಳನ್ನು ಸುತ್ತಿದರು. ಆ ನೂಲಿನೊಳಗೆ ಮೈಯ ಮಾಂಸವೇ ಬೆಳೆದು ಬೇರುಬಿಟ್ಟು ದಾರಿಯನ್ನು ಮುಚ್ಚುತ್ತದೆ; ನಳಿಕೆ ವರ್ಷಗಟ್ಟಲೆ ನಿಲ್ಲುತ್ತದೆ. 1976ರಲ್ಲಿ ಟೆಕ್ಸಾಸಿನ ಪೊಪೊವಿಚ್ ಮತ್ತು ಮಾನ್‌ಕ್ರೀಫರು, ಯಂತ್ರವಿಲ್ಲದೆ ದಿನವಿಡೀ ಹೊಟ್ಟೆಯಲ್ಲಿ ದ್ರವವನ್ನಿಟ್ಟುಕೊಂಡೇ ಓಡಾಡುವ ಪದ್ಧತಿಯನ್ನು ತೋರಿಸಿಕೊಟ್ಟರು. ನೇಕಾರರ ಊರಿನಲ್ಲಿ ಹುಟ್ಟಿದವನ ವಿದ್ಯೆ ಒಂದು ನೂಲಿನ ಪಟ್ಟಿಯಿಂದ ನೆಲೆ ಕಂಡಿತು.

ಮಾವನಿಗೆ ಆ ನಳಿಕೆಯನ್ನು ಇಟ್ಟದ್ದು ಹುಬ್ಬಳ್ಳಿಯಲ್ಲಿ. ವಾರಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದಿರಬೇಕಾದೀತೆಂದು ಅತ್ತೆ ರೊಟ್ಟಿಯ ಗಂಟನ್ನೇ ಕಟ್ಟಿದ್ದಳು. ಹಾಗಾಗಲಿಲ್ಲ. ಹಿಂದಿನ ದಿನವೇ ಹೊಟ್ಟೆ ಶುದ್ಧವಾಗಲು ಔಷಧ ಕೊಟ್ಟಿದ್ದರು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕರೆದೊಯ್ದು, ಮೂತ್ರ ಮಾಡಿಸಿ, ಸೋಂಕು ತಗಲದಂತೆ ಮುಂಚಿತವಾಗಿ ಒಂದು ಚುಚ್ಚುಮದ್ದನ್ನು ಕೊಟ್ಟರು. ಮೈಮರೆಸಲಿಲ್ಲ, ಹೊಕ್ಕುಳದ ಕೆಳಗಿನ ಜಾಗವನ್ನಷ್ಟೇ ಮರಗಟ್ಟಿಸಿ, ಒಳಗಿನ ಚಿತ್ರವನ್ನು ಪರದೆಯ ಮೇಲೆ ನೋಡುತ್ತ, ಸೂಜಿಯ ಹಿಂದೆ ತಂತಿ, ತಂತಿಯ ಹಿಂದೆ ನಳಿಕೆ ಹೀಗೆ ಮೆಲ್ಲಗೆ ಇಳಿಸಿದರು. ನಳಿಕೆಯ ಹೊರತುದಿಯನ್ನು ಚರ್ಮದ ಕೆಳಗೆ ಸ್ವಲ್ಪ ದೂರ ಹಾಯಿಸಿ ಪಕ್ಕದಲ್ಲಿ ಕೆಳಮುಖವಾಗಿ ಹೊರತೆಗೆದರು. ಬೆವರೂ ನೀರೂ ಅಲ್ಲಿ ನಿಲ್ಲಬಾರದೆಂದು. ಒಂದಿಷ್ಟು ದ್ರವವನ್ನು ತುಂಬಿ, ಸರಾಗವಾಗಿ ಮರಳಿ ಬರುವುದನ್ನು ನೋಡಿಕೊಂಡರು. ಒಂದು ತಾಸಿನೊಳಗೆ ಎಲ್ಲವೂ ಮುಗಿಯಿತು. ಮಧ್ಯಾಹ್ನದವರೆಗೆ ಕಣ್ಣಿಟ್ಟು ನೋಡಿ, ಸಂಜೆಗೆ ಊರಿಗೆ ಹೋಗಲು ಅಪ್ಪಣೆ ಕೊಟ್ಟರು. ಗದಗು ದಾಟಿ ಬನ್ನಿಕೊಪ್ಪದ ಕಡೆಗೆ ರೈಲು ಬರುವಾಗ ಅತ್ತೆ ಬಿಚ್ಚದೆ ಉಳಿದ ರೊಟ್ಟಿಯ ಗಂಟನ್ನು ನೋಡಿ ನಕ್ಕಳು. ಎಲ್ಲರಿಗೂ ಇಷ್ಟು ಸುಲಭವೆಂದು ನಾನು ಹೇಳಲಾರೆ. ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಮೈಮರೆಸಿ, ಒಳಗೆ ದುರ್ಬೀನು ಹಾಕಿ ನೋಡಿಯೇ ಇಡಬೇಕಾಗಬಹುದೆಂದು ವೈದ್ಯರು ತಿಳಿಸಿದರು.

ಎರಡು ವಾರ ಗಾಯ ಮಾಯುವವರೆಗೆ ಭಾರ ಎತ್ತುವಂತಿರಲಿಲ್ಲ, ಕುಕ್ಕರುಗಾಲಲ್ಲಿ ಕೂಡುವಂತಿರಲಿಲ್ಲ. ಆ ಅವಧಿಯಲ್ಲಿ ಅತ್ತೆಯೂ ಮಾವನೂ ಕೈತೊಳೆಯುವುದನ್ನು ಹೊಸದಾಗಿ ಕಲಿತರು. ಮನೆಯ ಒಂದು ಕೋಣೆಗೆ ಸುಣ್ಣ ಬಳಿಸಿ, ಹಗ್ಗ ಬಾರುಕೋಲು ತೂಗುಹಾಕುತ್ತಿದ್ದ ಗೂಟವನ್ನು ಖಾಲಿ ಮಾಡಿ, ಅದಕ್ಕೆ ದ್ರವದ ಚೀಲವನ್ನು ತೂಗಹಾಕಿದರು. ಒಂದು ಸಲಕ್ಕೆ 2 ಲೀಟರು, ದಿನಕ್ಕೆ ನಾಲ್ಕು ಸಲ, ತಿಂಗಳಿಗೆ 120 ಚೀಲ. ಬದಲಿಸುವಾಗ ಬಾಗಿಲು ಹಾಕಬೇಕು, ಪಂಖ ನಿಲ್ಲಿಸಬೇಕು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ದ್ರವದೊಳಗಿನ ಸಕ್ಕರೆ ಮೈಯ ಹೆಚ್ಚಿನ ನೀರನ್ನು ಸೆಳೆಯುತ್ತದೆ. ಕಲ್ಮಷ ತಾನಾಗಿ ಇಳಿದುಬರುತ್ತದೆ. ಮೂರನೆಯ ವಾರ ಒಂದು ದಿನ ತುಂಬಿದ ನೀರು ಹೊರಗೆ ಬರದೆ ಎಲ್ಲರೂ ಗಾಬರಿಯಾದೆವು. ಮಲಬದ್ಧತೆಯಿಂದ ಕರುಳು ಉಬ್ಬಿ ನಳಿಕೆಯನ್ನು ಸರಿಸಿತ್ತಂತೆ. ವೈದ್ಯರು ಫೋನಿನಲ್ಲಿಯೇ ಹೇಳಿದ ಭೇದಿಯ ಔಷಧದಿಂದ ಸರಿಹೋಯಿತು. ರೋಗ ವಾಸಿಯಾಗಿಲ್ಲ, ಆಗುವಂಥದೂ ಅಲ್ಲ. ಸೋಂಕಿನ ಭಯ ದಿನವೂ ಇದ್ದದ್ದೇ. ಆದರೆ ಈ ಸಲ ಹಿಂಗಾರಿಯ ಕಡಲೆ ಬಿತ್ತುವಾಗ ಮಾವ ಹೊಲದ ಬದುವಿನ ಮೇಲೆ ನಿಂತಿದ್ದರು.

ಹೊರಬಂದ ನೀರು ತಿಳಿಯಾಗಿದೆಯೋ ಕದಡಿದೆಯೋ ಎಂದು ಪ್ರತಿ ಸಲವೂ ನೋಡಬೇಕು. ಕದಡಿದ್ದರೆ ಸೋಂಕು ಬಂತೆಂದು ಅರ್ಥ, ಒಡನೆಯೇ ಆಸ್ಪತ್ರೆಗೆ ಓಡಬೇಕು. ಅದಕ್ಕೊಂದು ಸುಲಭವಾದ ಪರೀಕ್ಷೆಯುಂಟು. ಚೀಲದ ಹಿಂದೆ ಅಚ್ಚಾದ ಕಾಗದವನ್ನು ಹಿಡಿದರೆ ಅಕ್ಷರಗಳು ಕಾಣಬೇಕು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಮಾವ ದಿನವೂ ಬೆಳಿಗ್ಗೆ ಹೊಸ್ತಿಲ ಬಳಿಯ ಬೆಳಕಿನಲ್ಲಿ ಚೀಲವನ್ನು ಎತ್ತಿ ಹಿಡಿದು, ಹಿಂದೆ ಹಳೆಯ ಪತ್ರಿಕೆಯ ಹಾಳೆಯನ್ನಿಟ್ಟು ಒಂದೊಂದೇ ಅಕ್ಷರವನ್ನು ಕೂಡಿಸಿ ಓದುತ್ತಾರೆ. ತಂದೆಯ ಮನೆಯನ್ನು ತೊರೆದು, ಸಂಜೆಯ ವರ್ಗದಲ್ಲಿ ದುಡಿಯುವ ಜನರಿಗೆ ತೊದಲುತ್ತ ಪಾಠ ಹೇಳಿದ ಆ ಗ್ಲಾಸ್ಗೋವಿನ ಮೇಷ್ಟರಿಗೆ ನಮ್ಮ ಯಲಬುರ್ಗಾದ ಹೆಸರು ಗೊತ್ತಿರಲು ಸಾಧ್ಯವಿರಲಿಲ್ಲ. ಅವರ ಪಾಠ ಮಾತ್ರ ನೂರರವತ್ತು ವರ್ಷ ನಡೆದು ನಮ್ಮೂರ ಹೊಸ್ತಿಲಿಗೆ ಬಂದು ಮುಟ್ಟಿದೆ. ಮುಂದಿನ ಸಲ ಆ ನಿಯಮವನ್ನು ಬಾಯಿಪಾಠ ಮಾಡುವ ಗೆಳೆಯರು ಒಂದು ಕ್ಷಣ ನಿಂತು ಅವರನ್ನು ನೆನೆಯಲಿ ಎಂದಷ್ಟೇ ನನ್ನ ಬಿನ್ನಹ.